ಜಾಲತಾಣದ ಗೇಣಿ ಮತ್ತು ಒಡೆತನ

(ಸಂಕೇತಭಾಷೆ ಅರಿಯದವರು ಜಾಲತಾಣ ಕಟ್ಟುವ ಸಾಧನಗಳನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು ಗ್ರಾಮಸ್ಥರ ಮತ್ತು ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರೆಹರೂಪ)



ನಮ್ಮ ಒಕ್ಕೂಟಕ್ಕೆ ಹೊಸದೊಂದು ಜಾಲತಾಣ ಬೇಕೆಂದು ನಿನ್ನೆಯ ಗೋಷ್ಠಿಯಲ್ಲಿ ತೀರ್ಮಾನವಾಯಿತು. ಅದನ್ನು ಯಾವ ಸಾಧನದಿಂದ ಕಟ್ಟಬೇಕೆಂಬ ಮಾತು ಬಂದಾಗ ಕಾಲೇಜಿನ ಗೆಳೆಯರು ಅರ್ಧ ಗಂಟೆಯೊಳಗೆ ಚೆಂದದ ಮಾದರಿಯೊಂದನ್ನು ಮಾಡಿಯೇ ತೋರಿಸಿದರು. ಹಸಿರು ಬೆಟ್ಟ, ಜಲಪಾತ, ಸರಿದಾಡುವ ಚಿತ್ರಗಳು, ಎಲ್ಲವೂ ಇದ್ದವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ನಿಂತು, "ಹಿಂದೆಯೂ ಒಂದು ಮಾಡಿದ್ದಿರಲ್ಲ, ಅದು ಎಲ್ಲಿ ಹೋಯಿತು?" ಎಂದು ಕೇಳಿದರು. ಸಭೆ ನಕ್ಕಿತು. ನಾನು ನಗಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನೇ. ಆಗ ಒಕ್ಕೂಟದ ಕಾರ್ಯದರ್ಶಿಯಾಗಿದ್ದವನು ನಾನು.

2008ರಲ್ಲಿ ನಾವು ಮೊದಲ ಜಾಲತಾಣ ಮಾಡಿಸಿದೆವು. ಪೇಟೆಯ ತರುಣನೊಬ್ಬ ಅಲ್ಪ ಹಣಕ್ಕೆ ಕಟ್ಟಿಕೊಟ್ಟ. ಹೆಸರನ್ನು ನೋಂದಾಯಿಸಿದ್ದೂ ಅವನೇ, ಹಣ ತುಂಬಿದ್ದೂ ಅವನ ಖಾತೆಯಿಂದಲೇ. ನಾವು ವರ್ಷಕ್ಕೊಮ್ಮೆ ಅವನ ಕೈಗೆ ಕೊಡುತ್ತಿದ್ದೆವು. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು, ಬತ್ತದ ತಳಿಗಳ ಪಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮೂರಿನ ಹಿರಿಯರೊಬ್ಬರು ಮೂವತ್ತು ವರ್ಷ ತಪ್ಪದೆ ಬರೆದಿಟ್ಟಿದ್ದ ಮಳೆಯ ಲೆಕ್ಕ, ಇವೆಲ್ಲ ಅಲ್ಲಿ ಸೇರಿದವು. ತರುಣನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಅಲ್ಲಿಂದ ಹೊರದೇಶಕ್ಕೆ ಹೋದ. ಅವನ ಮೇಲೆ ದೂರಿಲ್ಲ. ಬದುಕು ನಡೆಸಲು ಹೋದವನು ಊರಿನ ಜಾಲತಾಣವನ್ನು ಹೊತ್ತು ತಿರುಗಲಾರ. 2014ರಲ್ಲಿ ನವೀಕರಣದ ಗಡುವು ಮುಗಿದದ್ದು ಅವನಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಕೆಲವು ತಿಂಗಳ ನಂತರ ಯಾರೋ ಫೋನು ಮಾಡಿ, "ನಿಮ್ಮ ತಾಣ ತೆರೆದರೆ ಜೂಜಿನ ಜಾಹೀರಾತು ಬರುತ್ತದಲ್ಲ?" ಎಂದಾಗಲೇ ನಮಗೆ ಎಚ್ಚರವಾದದ್ದು. ಹೆಸರನ್ನು ಬೇರೆ ಯಾರೋ ಕೊಂಡಿದ್ದರು.

ಹೆಸರು ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು. ಗಣಕಕ್ಕೆ ಏರಿಸಿದ್ದೇವೆಂಬ ಧೈರ್ಯದಿಂದ ಮಳೆಯ ಪುಸ್ತಕವನ್ನು ಯಾರೂ ಜೋಪಾನ ಮಾಡಿರಲಿಲ್ಲ. ಅಟ್ಟದ ಮೇಲಿದ್ದ ಅದನ್ನು ಗೆದ್ದಲು ತಿಂದಿತ್ತು. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಜಗತ್ತಿನ ಜಾಲಪುಟಗಳ ಪ್ರತಿಗಳನ್ನು ಕೂಡಿಡುತ್ತಾ ಬಂದಿದೆ; ಅದರ ವೇಬ್ಯಾಕ್ ಮಷಿನ್‌ನಲ್ಲಿ ಹುಡುಕಿದಾಗ ನಮ್ಮ ಕೆಲವು ಪುಟಗಳು ಸಿಕ್ಕವು. ಲೇಖನಗಳು ಹಳೆಯ ಅಕ್ಷರವಿನ್ಯಾಸದಲ್ಲಿದ್ದುದರಿಂದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡವು. ಪರಿವರ್ತಕ ತಂತ್ರಾಂಶದಿಂದ ಅವುಗಳಲ್ಲಿ ಬಹುಪಾಲನ್ನು ಮರಳಿ ಕನ್ನಡ ಮಾಡಿಕೊಂಡೆವು. ಮಳೆಯ ಲೆಕ್ಕ ಮಾತ್ರ ಸಿಗಲಿಲ್ಲ. ಅದನ್ನು ಪುಸ್ತಕದ ಹಾಳೆಗಳ ಚಿತ್ರವಾಗಿ ಹಾಕಿದ್ದೆವು, ಆ ಚಿತ್ರಗಳ ಪ್ರತಿ ಅಲ್ಲಿ ಉಳಿದಿರಲಿಲ್ಲ. ಆ ಹಿರಿಯರು ಈಗ ಇಲ್ಲ. ಅವರ ಮಗ ನನ್ನನ್ನು ಒಂದು ದಿನವೂ ಕೇಳಲಿಲ್ಲ, ಅದೇ ನನಗೆ ಹೆಚ್ಚು ಭಾರವಾಗಿದೆ.

ನಾನು ತಂತ್ರಜ್ಞನಲ್ಲ. ಒಂದು ಸಾಲು ಸಂಕೇತಭಾಷೆಯನ್ನೂ ಬರೆಯಲು ಬಾರದವನು. ಆದರೆ ಈ ಪೆಟ್ಟು ತಿಂದ ಮೇಲೆ ಹತ್ತು ವರ್ಷ ಈ ಸಾಧನಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಆ ಅನುಭವದಿಂದ ಮಾತನಾಡುತ್ತೇನೆ.

ನಮ್ಮ ಭಾಗದ ಹಿರಿಯರಿಗೆ ಚಾಲಗೇಣಿ, ಮೂಲಗೇಣಿ ಎಂಬ ಮಾತುಗಳು ಗೊತ್ತು, ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಮೂಲಗೇಣಿದಾರನು ಗೇಣಿ ಸಲ್ಲಿಸುತ್ತಿರುವವರೆಗೆ ತಲೆಮಾರುಗಳ ಕಾಲ ಭೂಮಿಯಲ್ಲಿರಬಹುದಿತ್ತು. ಚಾಲಗೇಣಿದಾರನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಅವನು ಕಟ್ಟಿದ ಕಟ್ಟೆ, ನೆಟ್ಟ ಮರ ಅಲ್ಲಿಯೇ ಉಳಿಯುತ್ತಿದ್ದವು. 1974ರ ಭೂಸುಧಾರಣೆ ಉಳುವವನಿಗೆ ಒಡೆತನ ಕೊಟ್ಟಿತು. ಅಂತರ್ಜಾಲದಲ್ಲಿ ಅಂತಹ ಕಾನೂನು ಬಂದಿಲ್ಲ. ಸಂಕೇತಭಾಷೆ ಬಾರದವರಿಗಾಗಿ ಇರುವ ಸಾಧನಗಳಲ್ಲಿ ಬಹಳಷ್ಟು ಚಾಲಗೇಣಿಯವೇ. ಒಪ್ಪಂದವನ್ನು ನಾವು ಓದದೆ ಒಪ್ಪಿಗೆಯ ಗುಂಡಿ ಒತ್ತುತ್ತೇವೆ, ಅಷ್ಟೇ.

ಇದಕ್ಕೆ ದೊಡ್ಡ ಉದಾಹರಣೆ ಜಿಯೋಸಿಟೀಸ್. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ತಮ್ಮ ಪುಟ ಕಟ್ಟಿಕೊಳ್ಳಬಹುದಿತ್ತು. ಬಡಾವಣೆಗಳೆಂದು ಹೆಸರಿಟ್ಟು, ಮನೆ ಸಂಖ್ಯೆ ಕೊಟ್ಟು, ಬಂದವರನ್ನು ಅಲ್ಲಿ ನೆಲೆಗೊಳಿಸುತ್ತಿದ್ದರು. 1999ರಲ್ಲಿ ಯಾಹೂ ಕಂಪನಿ ಅದನ್ನು ಮುನ್ನೂರು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಕೊಂಡಿತು. ಹತ್ತೇ ವರ್ಷದಲ್ಲಿ, 2009ರ ಅಕ್ಟೋಬರ್ 26ರಂದು, ಬಾಗಿಲು ಮುಚ್ಚಿತು. ಜಪಾನಿನ ಶಾಖೆಯೊಂದು 2019ರ ಮಾರ್ಚ್‌ವರೆಗೆ ಉಸಿರಾಡಿತು. ಲಕ್ಷಾಂತರ ಜನರ ಬರೆಹ, ಚಿತ್ರ, ಊರಿನ ಇತಿಹಾಸ ಅಲ್ಲಿದ್ದವು. ಸ್ವಯಂಸೇವಕರು ಹಗಲಿರುಳು ದುಡಿದು ಪ್ರತಿ ಮಾಡಿಕೊಂಡ ಭಾಗವಷ್ಟೇ ಉಳಿಯಿತು.

ಅದು ಹಳೆಯ ಕಾಲದ ಮಾತೆನ್ನಬೇಡಿ. ಗೂಗಲ್ ಕಂಪನಿ ಪೇಜ್ ಕ್ರಿಯೇಟರ್ ಎಂಬುದನ್ನು 2006ರಲ್ಲಿ ತೆರೆದು ಬೇಗನೆ ಮುಚ್ಚಿತು. ಅಂಗಡಿ, ಹೋಟೆಲುಗಳವರು ಗೂಗಲ್ ನಕ್ಷೆಯ ಜೊತೆಗೆ ಬಿಟ್ಟಿಯಾಗಿ ಮಾಡಿಕೊಂಡಿದ್ದ ಪುಟಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಟೈಪ್‌ಪ್ಯಾಡ್ ಎಂಬ ಹಳೆಯ ಹೆಸರಾಂತ ಸೇವೆ, ಅದೂ ಹಣ ಪಡೆಯುತ್ತಿದ್ದ ಸೇವೆ, 2025ರ ಸೆಪ್ಟೆಂಬರ್ ಕೊನೆಗೆ ಮುಚ್ಚಿತು. ಗ್ರಾಹಕರಿಗೆ ಗಂಟುಮೂಟೆ ಕಟ್ಟಲು ಸಿಕ್ಕಿದ್ದು ಸುಮಾರು ಒಂದು ತಿಂಗಳು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ತಾಳೆಗರಿ ಇದಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ.

ಆದ್ದರಿಂದ ಸಾಧನವನ್ನು ಆರಿಸುವಾಗ ನಾನು ಮೊದಲು ಕೇಳುವುದು, ಇದರಿಂದ ಹೊರಬರುವ ದಾರಿ ಯಾವುದು ಎಂದು. ಒಳಗೆ ಹೋಗುವ ದಾರಿಯನ್ನು ಎಲ್ಲರೂ ಹೂ ಹಾಸಿ ತೋರಿಸುತ್ತಾರೆ.

ನಿನ್ನೆ ಗೆಳೆಯರು ಮಾದರಿ ಮಾಡಿದ್ದು ವಿಕ್ಸ್ ಎಂಬ ಸೇವೆಯಲ್ಲಿ. 2006ರಲ್ಲಿ ಇಸ್ರೇಲಿನಲ್ಲಿ ಹುಟ್ಟಿದ ಕಂಪನಿ ಅದು. ಬಳಸುವ ಸೌಲಭ್ಯದಲ್ಲಿ ಅದನ್ನು ಮೀರಿಸುವುದು ಕಷ್ಟ. ರಂಗೋಲಿ ಇಟ್ಟಂತೆ ಚಿತ್ರವನ್ನು ಎಲ್ಲಿಗೆ ಬೇಕಾದರೂ ಎಳೆದಿಡಬಹುದು. ಅದರ ಸುಲಭತೆಯನ್ನು ನಾನು ಹಳಿಯುವುದಿಲ್ಲ. ಮದುವೆಯ ಕರೆಯೋಲೆಗೋ ಒಂದು ಜಾತ್ರೆಯ ವಿವರಕ್ಕೋ ಅದು ಒಳ್ಳೆಯದೇ. ಆದರೆ ಅಲ್ಲಿ ಕಟ್ಟಿದ ತಾಣವನ್ನು ಎತ್ತಿ ಬೇರೆ ಕಡೆ ನೆಡಲಾಗುವುದಿಲ್ಲ. ಕಂಪನಿಯೇ ತನ್ನ ಸಹಾಯ ಪುಟಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದುಕೊಂಡಿದೆ. ಬಿಟ್ಟಿ ಯೋಜನೆಯಲ್ಲಿ ಅವರ ಜಾಹೀರಾತು ಪಟ್ಟಿ ಇರುತ್ತದೆ, ವಿಳಾಸವೂ ಅವರ ಹೆಸರಿನ ಬಾಲವಾಗಿರುತ್ತದೆ. ಇದೇ ಸೇವೆ ಆರಂಭದ ವರ್ಷಗಳಲ್ಲಿ ಫ್ಲಾಶ್ ಎಂಬ ತಂತ್ರದ ಮೇಲೆ ನಿಂತಿತ್ತು. ಆ ಫ್ಲಾಶ್‌ಗೆ 2020ರ ಡಿಸೆಂಬರ್ 31ರಂದು ಅದರ ಒಡೆಯರೇ ಕೊನೆ ಹಾಡಿದರು. ನಾವು ಪತ್ರಿಕೆಯ ಇಪ್ಪತ್ತು ವರ್ಷಗಳ ಸಂಚಿಕೆಗಳನ್ನು ಅಂತಹ ಕಡೆ ತುಂಬಿ, ನಾಳೆ ದರ ಏರಿಸಿದರೆಂದು ಹೊರಡಬೇಕಾದರೆ ಪ್ರತಿ ಪುಟವನ್ನೂ ಕೈಯಿಂದ ನಕಲು ಮಾಡಿಕೊಂಡು ಹೊರಡಬೇಕು. ಸ್ಕ್ವೇರ್‌ಸ್ಪೇಸ್, ವೀಬ್ಲಿ ಮೊದಲಾದವೂ ಸ್ವಲ್ಪ ಹೆಚ್ಚುಕಡಿಮೆ ಇದೇ ಜಾತಿಯವು. ವೀಬ್ಲಿಯನ್ನು 2018ರಲ್ಲಿ ಸ್ಕ್ವೇರ್ ಎಂಬ ಹಣಪಾವತಿ ಕಂಪನಿ ಕೊಂಡುಕೊಂಡಿತು. ಹೊಲದ ಧಣಿ ಬದಲಾದಾಗ ಗೇಣಿದಾರನನ್ನು ಯಾರೂ ಕೇಳುವುದಿಲ್ಲ.

ಗೂಗಲ್ ಸೈಟ್ಸ್ ಇದೆ. 2008ರಲ್ಲಿ ಬಂದದ್ದು, 2016ರಲ್ಲಿ ಹೊಸ ರೂಪ ಪಡೆಯಿತು. ಹಣವಿಲ್ಲ, ಜಾಹೀರಾತಿಲ್ಲ, ಹಲವರು ಸೇರಿ ಒಂದೇ ಪುಟವನ್ನು ತಿದ್ದಬಹುದು, ಕನ್ನಡ ಯಾವ ತೊಡಕೂ ಇಲ್ಲದೆ ಮೂಡುತ್ತದೆ. ಶಾಲೆಯ ಪರಿಸರ ಸಂಘಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಶಾಲೆಯ ಗಿಡಗಳ ಪಟ್ಟಿ, ಹಕ್ಕಿಗಳ ದಿನಚರಿ ಇವನ್ನು ಅಲ್ಲಿಯೇ ಆರಂಭಿಸಿ. ಆದರೆ ಪುಟ ತಿದ್ದಲು ಮೊಬೈಲು ಸಾಲದು, ಗಣಕಯಂತ್ರ ಬೇಕು. ತಾಣ ನೂರು ಪುಟಗಳಿಗೆ ಬೆಳೆದಾಗ ವರ್ಷ, ವಿಷಯ ಎಂದು ವಿಂಗಡಿಸಿಡುವ ಅನುಕೂಲವೂ ಅಲ್ಲಿ ಕಡಮೆ. ಪ್ರತಿಯನ್ನು ಇಳಿಸಿಕೊಳ್ಳಬಹುದಾದರೂ ಅದು ಬೇರೆ ಕಡೆ ಹಾಗೆಯೇ ಕೂರುವುದಿಲ್ಲ. ಮೇಲಾಗಿ ಹಳೆಯ ಸೈಟ್ಸ್‌ನಲ್ಲಿದ್ದವರನ್ನೆಲ್ಲ ಹೊಸದಕ್ಕೆ ಏಳಿಸಿ ಕಳಿಸಿದ ಅನುಭವವೂ ಇದೆ.

ಇನ್ನು ವರ್ಡ್‌ಪ್ರೆಸ್. ಇದರ ಹುಟ್ಟಿನ ಕತೆ ನಮ್ಮಂಥವರು ಕೇಳಬೇಕಾದದ್ದು. ಬಿ2 ಎಂಬ ಪುಟ್ಟ ತಂತ್ರಾಂಶವೊಂದಿತ್ತು. ಅದನ್ನು ಬರೆದವರು ಕೆಲಸ ನಿಲ್ಲಿಸಿಬಿಟ್ಟರು. ಆದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಮುಕ್ತ ಪರವಾನಗಿಯಡಿ ಅದು ಹೊರಬಂದಿತ್ತು. ಆದ್ದರಿಂದ ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಎಂಬಿಬ್ಬರು ಅದನ್ನೇ ಎತ್ತಿಕೊಂಡು ಮುಂದುವರಿಸಿ 2003ರ ಮೇ 27ರಂದು ವರ್ಡ್‌ಪ್ರೆಸ್ ಎಂಬ ಹೆಸರಿನಿಂದ ಬಿಡುಗಡೆ ಮಾಡಿದರು. ಇಂದು ಜಗತ್ತಿನ ಜಾಲತಾಣಗಳಲ್ಲಿ ಹತ್ತಕ್ಕೆ ನಾಲ್ಕು ಅದರ ಮೇಲೆ ನಿಂತಿವೆ. ಬಿತ್ತಿದ ಬೀಜವನ್ನು ಮರುವರ್ಷಕ್ಕೆ ಎತ್ತಿಡಬಹುದಾದ ತಳಿಗೂ, ಪ್ರತಿವರ್ಷ ಅಂಗಡಿಯಿಂದಲೇ ತರಬೇಕಾದ ತಳಿಗೂ ಇರುವ ವ್ಯತ್ಯಾಸ ನಿಮಗೆ ನಾನು ವಿವರಿಸಬೇಕಾಗಿಲ್ಲ.

ವರ್ಡ್‌ಪ್ರೆಸ್ ಎಂಬ ಒಂದೇ ಹೆಸರಿನಲ್ಲಿ ಎರಡು ವಸ್ತುಗಳಿರುವುದು ಗೊಂದಲಕ್ಕೆ ಕಾರಣವಾಗಿದೆ. ಒಂದು ತಂತ್ರಾಂಶ; ಅದನ್ನು ಬಿಟ್ಟಿಯಾಗಿ ತಂದು, ನಾವು ಬಾಡಿಗೆ ಹಿಡಿದ ಸರ್ವರ್‌ನಲ್ಲಿ ಹೂಡಬೇಕು. ಇನ್ನೊಂದು 2005ರಿಂದ ನಡೆಯುತ್ತಿರುವ, ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಸೇವೆ. ಹೂಡುವ, ಕಾಯುವ ಕೆಲಸವನ್ನು ಅವರೇ ನೋಡಿಕೊಳ್ಳುತ್ತಾರೆ, ನಮ್ಮದೇ ಹೆಸರು ಬೇಕಾದರೆ, ಜಾಹೀರಾತು ಬೇಡವಾದರೆ ಹಣ ಕೊಡಬೇಕು. ಎರಡರಲ್ಲೂ ಬರೆದದ್ದನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಂಡು ಇನ್ನೊಂದು ವರ್ಡ್‌ಪ್ರೆಸ್‌ಗೆ ಏರಿಸಬಹುದು. ಮುಖ್ಯವಾದ ಮಾತು ಇದೇ. ಧಣಿಯೊಡನೆ ಮನಸ್ತಾಪವಾದರೆ ಫಸಲನ್ನು ಹೊತ್ತುಕೊಂಡು ಹೋಗಬಹುದು. ಆ ಸೌಲಭ್ಯ ಬೇಕಾಗುತ್ತದೆಯೇ ಎಂದು ಕೇಳಿದರೆ, 2024ರ ಸೆಪ್ಟೆಂಬರಿನಲ್ಲಿ ಮುಲ್ಲೆನ್‌ವೆಗ್ ಅವರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಜಗಳವಾಗಿ, ಆ ಕಂಪನಿಯಲ್ಲಿದ್ದ ಗ್ರಾಹಕರ ತಾಣಗಳಿಗೆ ಪರಿಷ್ಕರಣೆಗಳು ಬರುವುದು ನಿಂತು, ಮೊಕದ್ದಮೆಯವರೆಗೂ ಹೋಯಿತು. ಮುಕ್ತ ತಂತ್ರಾಂಶದಲ್ಲೂ ಜಗಳಗಳಿವೆ. ಗುರುತು ಪರಿಚಯವಿಲ್ಲದವರ ಜಗಳದಲ್ಲಿ ನಾವು ಸಿಕ್ಕಿಬೀಳದಂತೆ ದಾರಿಯೊಂದು ಇರಬೇಕು.

ಸ್ವಂತವಾಗಿ ಹೂಡುವುದರಲ್ಲಿ ಒಂದು ಅಪಾಯವಿದೆ, ಅದನ್ನು ಪೇಟೆಯ ತಜ್ಞರು ಹೇಳುವುದಿಲ್ಲ. ತಂತ್ರಾಂಶವನ್ನು ಆಗಾಗ ಪರಿಷ್ಕರಿಸುತ್ತಿರಬೇಕು. ಅಲಂಕಾರಕ್ಕೆ, ಚಿತ್ರಮಾಲೆಗೆ, ಅರ್ಜಿ ನಮೂನೆಗೆ ಎಂದು ಪ್ಲಗಿನ್‌ಗಳೆಂಬ ಕೂಡುಭಾಗಗಳನ್ನು ಸಿಕ್ಕಸಿಕ್ಕಂತೆ ಸೇರಿಸಿದರೆ, ಕಳ್ಳರು ಒಳನುಗ್ಗುವುದು ಬಹುಪಾಲು ಆ ಕಿಂಡಿಗಳಿಂದಲೇ. ಅಡಕೆ ತೋಟಕ್ಕೆ ಬೇಲಿ ಹಾಕಿ ಹತ್ತು ವರ್ಷ ತಿರುಗಿ ನೋಡದಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಎಳೆದು ಕೂರಿಸುವ ಅಲಂಕಾರದ ಕೂಡುಭಾಗಗಳಲ್ಲಿ ಇನ್ನೊಂದು ತೊಡಕಿದೆ. ಕೆಲವನ್ನು ಕಿತ್ತುಹಾಕಿದ ದಿನ ಪುಟದ ತುಂಬ ಅವುಗಳ ಗುರುತಿನ ಕಸ ಉಳಿಯುತ್ತದೆ. 2018ರ ಡಿಸೆಂಬರಿನಿಂದ ವರ್ಡ್‌ಪ್ರೆಸ್‌ನಲ್ಲೇ ತುಂಡು ತುಂಡಾಗಿ ಪುಟ ಜೋಡಿಸುವ ವ್ಯವಸ್ಥೆ ಇದೆ; ನಮ್ಮ ಕೆಲಸಕ್ಕೆ ಅದು ಸಾಕು.

ಇವುಗಳಿಗಿಂತ ಬೇರೆಯಾದ ಒಂದು ದಾರಿಯಿದೆ, ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ. ಅದಕ್ಕೆ ಸ್ಥಿರ ತಾಣವೆನ್ನುತ್ತಾರೆ. ವರ್ಡ್‌ಪ್ರೆಸ್‌ನಂಥವುಗಳಲ್ಲಿ ಓದುಗನು ಕೇಳಿದಾಗ ಸರ್ವರ್ ದತ್ತಾಂಶದಿಂದ ಹೆಕ್ಕಿ ಪುಟವನ್ನು ಸಿದ್ಧಪಡಿಸುತ್ತದೆ. ಸ್ಥಿರ ತಾಣದಲ್ಲಿ ಪುಟಗಳು ಮೊದಲೇ ಸಿದ್ಧವಾಗಿರುತ್ತವೆ. ಕೇಳಿದವರಿಗೆ ಎತ್ತಿಕೊಡುವುದಷ್ಟೇ ಕೆಲಸ. ಒಡೆಯಲು ಬಾಗಿಲೇ ಇಲ್ಲದ್ದರಿಂದ ಕಳ್ಳತನದ ಭಯ ಕಡಮೆ, ಭಾರ ಕಡಮೆ, ಇಡೀ ತಾಣವನ್ನು ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಅಂತರ್ಜಾಲವಿಲ್ಲದ ಊರಿನಲ್ಲೂ ತೆರೆದು ಓದಬಹುದು. ಪಬ್ಲಿ ಎಂಬ ಬಿಟ್ಟಿ ತಂತ್ರಾಂಶವನ್ನು ಗಣಕದಲ್ಲಿ ಹಾಕಿಕೊಂಡರೆ ಸಂಕೇತಭಾಷೆ ಇಲ್ಲದೆಯೇ ಇಂತಹ ತಾಣ ಮಾಡಬಹುದು.

ಇದರ ಬಗ್ಗೆ ಕೇಳುವಾಗ ಲೋ-ಟೆಕ್ ಮ್ಯಾಗಜೀನ್ ಎಂಬ ಪತ್ರಿಕೆಯ ಸಾಹಸ ತಿಳಿಯಬೇಕು. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿರುವ ಕ್ರಿಸ್ ಡಿ ಡೆಕರ್ ಎಂಬವರು ಅದರ ಸಂಪಾದಕರು. 2018ರಲ್ಲಿ ಅವರು ತಮ್ಮ ಮನೆಯ ಬಾಲ್ಕನಿಯಲ್ಲಿ ಸಣ್ಣ ಸೌರಫಲಕ, ಒಂದು ಬ್ಯಾಟರಿ, ಅಂಗೈಯಗಲದ ಗಣಕ ಇಟ್ಟು ತಮ್ಮ ಪತ್ರಿಕೆಯ ತಾಣವನ್ನು ಅದರಿಂದಲೇ ನಡೆಸತೊಡಗಿದರು. ಸರ್ವರ್ ಉರಿಸುವ ವಿದ್ಯುತ್ತು ಒಂದೆರಡು ವ್ಯಾಟ್. ನಮ್ಮ ಮನೆಯ ಎಲ್‌ಇಡಿ ಬಲ್ಬಿಗಿಂತ ಕಡಮೆ. ಅಷ್ಟರಲ್ಲಿ ನಡೆಯಬೇಕೆಂದೇ ಸ್ಥಿರ ಪುಟಗಳನ್ನು ಆರಿಸಿದರು, ಚಿತ್ರಗಳನ್ನು ಚುಕ್ಕೆಚುಕ್ಕೆಯ ಹಳೆಯ ಮುದ್ರಣದಂತೆ ಹಗುರ ಮಾಡಿದರು. ಮೋಡ ಕವಿದು ಬ್ಯಾಟರಿ ಬರಿದಾದರೆ ತಾಣ ಕಣ್ಣು ಮುಚ್ಚುತ್ತದೆ, ಬಿಸಿಲು ಬಂದಾಗ ತೆರೆಯುತ್ತದೆ. ಮೊದಲ ಒಂದು ವರ್ಷದ ಲೆಕ್ಕದಲ್ಲಿ ಶೇ 95ರಷ್ಟು ಹೊತ್ತು ಅದು ಎಚ್ಚರವಾಗಿತ್ತು. ನಮ್ಮ ಘಟ್ಟದ ಮೇಲೆ ಇದನ್ನು ಮಾಡಹೊರಟರೆ ಆರಿದ್ರಾ ಮಳೆಗೆ ಮಲಗಿದ ತಾಣ ಏಳುವುದು ನವರಾತ್ರಿಗೇ! ಫಲಕವನ್ನು ಅನುಕರಿಸಬೇಕಾಗಿಲ್ಲ, ಹಗುರತನವನ್ನು ಅನುಕರಿಸಬೇಕು.

ಹಗುರತನ ಎಂದರೆ ಎಷ್ಟು? ಲೆಕ್ಕ ಹಾಕೋಣ. ಇಂದಿನ ಸಾಮಾನ್ಯ ಜಾಲಪುಟವೊಂದರ ತೂಕ ಎರಡು ಮೆಗಾಬೈಟ್ ದಾಟಿದೆ. ಗುಡ್ಡ ಹತ್ತಿ ನಿಂತಾಗ ಸೆಕೆಂಡಿಗೆ 100 ಕಿಲೋಬಿಟ್ ವೇಗ ಸಿಕ್ಕಿತೆನ್ನೋಣ. ಆ ಪುಟ ತೆರೆಯಲು 160 ಸೆಕೆಂಡು ಬೇಕು. ಅಷ್ಟರಲ್ಲಿ ಸಿಗ್ನಲ್ಲೂ ಹೋಗುತ್ತದೆ, ತಾಳ್ಮೆಯೂ ಹೋಗುತ್ತದೆ. ಕನ್ನಡದ ಒಂದೊಂದು ಅಕ್ಷರಚಿಹ್ನೆ ಯುನಿಕೋಡ್‌ನ ರೂಢಿಯ ಬರವಣಿಗೆಯಲ್ಲಿ ಮೂರು ಬೈಟ್ ಹಿಡಿಯುತ್ತದೆ. ಸಾವಿರ ಪದಗಳ ಲೇಖನಕ್ಕೆ ಎಂಟು ಸಾವಿರ ಚಿಹ್ನೆಗಳೆಂದು ಹಿಡಿದರೂ 24 ಕಿಲೋಬೈಟ್. ಅದೇ ಗುಡ್ಡದ ಮೇಲೆ ಎರಡು ಸೆಕೆಂಡಿನಲ್ಲಿ ಬರುತ್ತದೆ. ಭಾರವಿರುವುದು ನಮ್ಮ ಮಾತಿನಲ್ಲಲ್ಲ, ಚಿತ್ರಗಳಲ್ಲಿ ಮತ್ತು ಅಲಂಕಾರದಲ್ಲಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಮೆಗಾಬೈಟ್ ಇರುತ್ತದೆ. ಅಗಲವನ್ನು ಸಾವಿರ ಚುಕ್ಕೆಗೆ ಇಳಿಸಿದರೆ ನೂರೈವತ್ತು ಕಿಲೋಬೈಟಿನ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯದು. ನಿನ್ನೆಯ ಮಾದರಿಯಲ್ಲಿದ್ದ ಸರಿದಾಡುವ ಜಲಪಾತವನ್ನು ನಾನು ಬೇಡವೆನ್ನುವುದು ಇದಕ್ಕಾಗಿ. ನಿಜವಾದ ಜಲಪಾತದ ಪಕ್ಕದಲ್ಲಿರುವವರಿಗೇ ಅದು ತೆರೆಯದು.

ಕನ್ನಡದ ವಿಷಯ ಬಂದದ್ದರಿಂದ ಒಂದು ಮಾತು. ನುಡಿ, ಬರಹ ತಂತ್ರಾಂಶಗಳು ನಮ್ಮನ್ನು ಗಣಕಕ್ಕೆ ಕರೆತಂದವು, ಆ ಋಣ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ಆ ವಿನ್ಯಾಸ ಇಲ್ಲದ ಯಂತ್ರದಲ್ಲಿ ಕನ್ನಡವೇ ಮಾಯ. ಇಂದು ಆ ತಂತ್ರಾಂಶಗಳೂ ಯುನಿಕೋಡ್‌ನಲ್ಲಿ ಬರೆಯುತ್ತವೆ. ಬರೆಯುವವರು ಆ ಆಯ್ಕೆಯನ್ನು ಒತ್ತಿರಬೇಕು, ಅಷ್ಟೇ. ಯಾವುದೇ ಸಾಧನವನ್ನು ಒಪ್ಪುವ ಮೊದಲು ಅದರಲ್ಲಿ ಒತ್ತಕ್ಷರ, ಅರ್ಕಾವತ್ತು ತುಂಬಿದ ಒಂದು ಪರಿಚ್ಛೇದ ಬರೆದು, ಹಳೆಯ ಅಗ್ಗದ ಮೊಬೈಲೊಂದರಲ್ಲಿ ತೆರೆದು ನೋಡಿ. ಆಮೇಲೆ ಆ ಪರಿಚ್ಛೇದದ ಒಂದು ಪದವನ್ನು ಹುಡುಕಿ ನೋಡಿ. ಕೆಲವು ಅಲಂಕಾರದ ಇಂಗ್ಲಿಷ್ ಅಕ್ಷರವಿನ್ಯಾಸಗಳಲ್ಲಿ ಕನ್ನಡವೇ ಇರುವುದಿಲ್ಲ. ಶೀರ್ಷಿಕೆ ಒಂದು ಬಗೆ, ಒಡಲು ಇನ್ನೊಂದು ಬಗೆ ಕಾಣುತ್ತದೆ. ನೋಟೊ ಎಂಬ ಹೆಸರಿನ ಮುಕ್ತ ಕನ್ನಡ ಅಕ್ಷರಗಳು ಇದಕ್ಕೆ ಒಳ್ಳೆಯ ಪರಿಹಾರ. ಕನ್ನಡ ಪಠ್ಯವನ್ನು ಚಿತ್ರವಾಗಿ ಮಾತ್ರ ಹಾಕುವ ಪದ್ಧತಿಯನ್ನು ದಯವಿಟ್ಟು ಬಿಡಿ. ಹುಡುಕಿದವರಿಗೆ ಅದು ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೂ ತಿಳಿಯುವುದಿಲ್ಲ. ನಮ್ಮ ಮಳೆಯ ಲೆಕ್ಕ ಹೋದದ್ದು ಇದರಿಂದಲೇ.

ಸಾಧನ ಯಾವುದೇ ಆಗಲಿ, ಹೆಸರು ಮಾತ್ರ ಒಕ್ಕೂಟದ್ದಾಗಿರಬೇಕು. ಡೊಮೇನ್ ಎಂದರೆ ಪಹಣಿ ಇದ್ದಂತೆ. ಮನೆಯನ್ನು ಎಷ್ಟು ಬಾರಿ ಬದಲಿಸಿದರೂ ಹೆಸರು ನಮ್ಮದಾಗಿದ್ದರೆ ಓದುಗರು ದಾರಿ ತಪ್ಪುವುದಿಲ್ಲ. ಡಾಟ್ ಇನ್ ಹೆಸರುಗಳನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆ ನಿರ್ವಹಿಸುತ್ತದೆ. ಡಾಟ್ ಆರ್ಗ್ ಸೇವಾಸಂಸ್ಥೆಗಳ ರೂಢಿಯ ಹೆಸರು. 2019ರಲ್ಲಿ ಅದರ ಇಡೀ ಆಡಳಿತವನ್ನು 113 ಕೋಟಿ 50 ಲಕ್ಷ ಡಾಲರಿಗೆ ಖಾಸಗಿ ಹೂಡಿಕೆದಾರರಿಗೆ ಮಾರುವ ಯತ್ನ ನಡೆದು, ಜಗತ್ತಿನ ಸೇವಾಸಂಸ್ಥೆಗಳೆಲ್ಲ ಎದ್ದು ನಿಂತ ಮೇಲೆ 2020ರ ಏಪ್ರಿಲ್ 30ರಂದು ಐಕ್ಯಾನ್ ಎಂಬ ನಿಯಂತ್ರಕ ಸಂಸ್ಥೆ ಅನುಮತಿ ನಿರಾಕರಿಸಿತು. ಗೋಮಾಳ ಉಳಿಸಿಕೊಂಡ ಅನುಭವವುಳ್ಳವರಿಗೆ ಇದು ಪರಿಚಿತ ಕತೆ. ಹೆಸರನ್ನು ಒಮ್ಮೆಗೆ ಗರಿಷ್ಠ ಹತ್ತು ವರ್ಷಕ್ಕೆ ನೋಂದಾಯಿಸಬಹುದು. ಗಡುವು ಮೀರಿದರೆ ಡಾಟ್ ಆರ್ಗ್‌ನಂತಹ ಹೆಸರುಗಳಿಗೆ ಕೆಲವು ವಾರಗಳ ರಿಯಾಯಿತಿ, ಆಮೇಲೆ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನ, ಅದೂ ಕಳೆದು ಐದು ದಿನಕ್ಕೆ ಹೆಸರು ಬಯಲಿಗೆ ಬೀಳುತ್ತದೆ. 2014ರಲ್ಲಿ ಈ ಲೆಕ್ಕ ನನಗೆ ಗೊತ್ತಿದ್ದಿದ್ದರೆ!

ಇನ್ನೊಂದು ಎಚ್ಚರಿಕೆ ನಮ್ಮಂತಹ ಬೆಟ್ಟದ ಜನರಿಗಷ್ಟೇ ಸಂಬಂಧಿಸಿದ್ದು. ಮೊಬೈಲಿನ ಫೋಟೋದೊಳಗೆ ಅದನ್ನು ತೆಗೆದ ಸ್ಥಳದ ಅಕ್ಷಾಂಶ ರೇಖಾಂಶ ಅಡಗಿರಬಹುದು. ಚಿಪ್ಪುಹಂದಿಯ ಬಿಲದ, ಅಪರೂಪದ ಸೀತಾಳೆಯ ಚಿತ್ರವನ್ನು ಹಾಗೆಯೇ ಏರಿಸಿದರೆ ಕಳ್ಳಬೇಟೆಗಾರನಿಗೆ ದಾರಿ ತೋರಿಸಿದಂತೆ. ಐನ್ಯಾಚುರಲಿಸ್ಟ್ ಎಂಬ ಜೀವಿ ದಾಖಲೆಯ ತಾಣವು ಅಪಾಯದಲ್ಲಿರುವ ಜೀವಿಗಳ ನಿಖರ ಸ್ಥಳವನ್ನು ಉದ್ದೇಶಪೂರ್ವಕವಾಗಿ ಮಸುಕು ಮಾಡಿ ತೋರಿಸುತ್ತದೆ. ನಾವು ಕಟ್ಟುವ ತಾಣದಲ್ಲಿ ಆ ಕೆಲಸ ಮಾಡುವ ಯಂತ್ರವಿಲ್ಲ, ನಾವೇ ಮಾಡಬೇಕು. ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆಯನ್ನು ಮುಚ್ಚಿ, ಮಾತಿನಲ್ಲೂ ಹಳ್ಳದ ಹೆಸರು ಹೇಳಬೇಡಿ. ಮಾಹಿತಿ ಹಕ್ಕಿನಡಿ ಪಡೆದ ಉತ್ತರಗಳನ್ನು ಪ್ರಕಟಿಸುವಾಗಲೂ ಅರ್ಜಿದಾರರ ವಿಳಾಸ, ಫೋನು ಸಂಖ್ಯೆಗಳನ್ನು ಅಳಿಸಿ.

ನಿನ್ನೆ ಒಬ್ಬ ಗೆಳೆಯ, "ಈಗ ಕೃತಕ ಬುದ್ಧಿಮತ್ತೆಗೆ ಮಾತಿನಲ್ಲಿ ಹೇಳಿದರೆ ತಾಣವನ್ನೇ ಮಾಡಿಕೊಡುತ್ತದೆ, ಈ ಪಂಚಾಂಗವೆಲ್ಲ ಏಕೆ?" ಎಂದ. ಮಾಡಿಕೊಡುತ್ತದೆ, ನಾನೂ ನೋಡಿದೆ. ಆದರೆ ಅದು ಕಟ್ಟಿಕೊಟ್ಟ ಪುಟ ಎಲ್ಲಿರುತ್ತದೆ, ಯಾರ ಹೆಸರಿನಲ್ಲಿರುತ್ತದೆ, ಕೆಟ್ಟರೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಗಳು ಅಲ್ಲಿಯೇ ಉಳಿಯುತ್ತವೆ. ಇನ್ನು ವಾಟ್ಸ್ಆ್ಯಪ್ ಗುಂಪು ಸಾಲದೇ ಎಂದವರಿಗೆ ಉತ್ತರ ಚಿಕ್ಕದು: ಮೂರು ವರ್ಷದ ಹಿಂದೆ ಗುಂಪಿನಲ್ಲಿ ಬಂದ ಗ್ರಾಮಸಭೆಯ ನಡಾವಳಿಯನ್ನು ಈಗಲೇ ತೆಗೆದು ತೋರಿಸಿ.

ಕೊನೆಗೆ ನನ್ನ ಸಲಹೆ. ಸ್ಥಿರ ತಾಣ ನನಗೆ ಇಷ್ಟವಾದರೂ ಪಬ್ಲಿಯ ಕೆಲಸವೆಲ್ಲ ಒಂದು ಗಣಕದೊಳಗೆ ಇರುತ್ತದೆ. ಆ ಗಣಕ ಇರುವವರ ಮನೆಗೆ ಎಲ್ಲರೂ ಹೋಗಬೇಕು. ಬೀಜ ಸಂಘದ ತಾಯಂದಿರು ತಮ್ಮ ಮೊಬೈಲಿನಿಂದಲೇ ಬರೆಯಬೇಕೆಂದು ಕೇಳಿದ್ದಾರೆ, ಅವರ ಕೋರಿಕೆ ನನ್ನ ಇಷ್ಟಕ್ಕಿಂತ ದೊಡ್ಡದು. ವರ್ಡ್‌ಪ್ರೆಸ್‌ಗೆ ಮೊಬೈಲಿನಲ್ಲಿ ಬರೆಯುವ ಸೌಲಭ್ಯವಿದೆ. ಆದ್ದರಿಂದ ಪರಿಷ್ಕರಣೆಯ ಹೊಣೆಯನ್ನು ಸೇವೆಯವರೇ ಹೊರುವ ವರ್ಡ್‌ಪ್ರೆಸ್ ಯೋಜನೆಯೊಂದನ್ನು, ಒಕ್ಕೂಟದ ಹೆಸರಿನ ಡೊಮೇನ್‌ನೊಂದಿಗೆ, ಸರಳವಾದ ವಿನ್ಯಾಸದಲ್ಲಿ, ಹೆಚ್ಚುವರಿ ಕೂಡುಭಾಗಗಳಿಲ್ಲದೆ ಮಾಡೋಣ. ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಸ್ಥಿರ ಪುಟಗಳಾಗಿ ಬೇರೆ ಇಡೋಣ, ಅವು ಬದಲಾಗುವಂಥವಲ್ಲ. ಪಾಸ್‌ವರ್ಡ್‌ಗಳು ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರಲ್ಲೂ ಇರಲಿ, ಮೊಹರು ಹಾಕಿದ ಲಕೋಟೆಯೊಂದು ಸಹಕಾರ ಸಂಘದ ಕಪಾಟಿನಲ್ಲಿರಲಿ. ಪ್ರತಿ ಅಮಾವಾಸ್ಯೆಗೆ ಇಡೀ ತಾಣದ ಪ್ರತಿಯನ್ನು ಎರಡು ಡಿಸ್ಕ್‌ಗಳಿಗೆ ಇಳಿಸಬೇಕು, ಒಂದು ಘಟ್ಟದ ಮೇಲೆ, ಇನ್ನೊಂದು ಘಟ್ಟದ ಕೆಳಗೆ. ಹೊಸ ಪುಟ ಪ್ರಕಟವಾದಾಗಲೆಲ್ಲ ಅದರ ವಿಳಾಸವನ್ನು ವೇಬ್ಯಾಕ್ ಮಷಿನ್‌ಗೆ ಕೊಟ್ಟು ಪ್ರತಿ ಮಾಡಿಸಬೇಕು, ಅದಕ್ಕೆ ಒಂದು ನಿಮಿಷ ಸಾಕು, ಹಣ ಬೇಡ. ಇದಕ್ಕೆ ಇಬ್ಬರು ವಿದ್ಯಾರ್ಥಿಗಳು ಬೇಕು, ಒಬ್ಬರು ಮೊದಲ ವರ್ಷದವರಾಗಿರಲಿ. ಅಂತಿಮ ವರ್ಷದವರು ಊರು ಬಿಡುವ ಮೊದಲು ಕಲಿಸಿ ಹೋಗಲಿ.

ಮಳೆಯ ಲೆಕ್ಕ ಬರೆಯುವವರು ನಮ್ಮಲ್ಲಿ ಇನ್ನೂ ನಾಲ್ಕಾರು ಮಂದಿ ಇದ್ದಾರೆ. ಅವರು ತಮ್ಮ ಪುಸ್ತಕಗಳನ್ನು ಮುಂದಿನ ಸಭೆಗೆ ತರಬೇಕೆಂದು ಕೋರುತ್ತೇನೆ. ಅಂಕಿಗಳನ್ನು ಅಂಕಿಗಳಾಗಿಯೇ ಟೈಪು ಮಾಡುತ್ತೇವೆ, ಹಾಳೆಗಳ ಚಿತ್ರವನ್ನೂ ತೆಗೆಯುತ್ತೇವೆ. ಪುಸ್ತಕವನ್ನು ಅದೇ ಸಂಜೆ ನಿಮ್ಮ ಕೈಗೆ ಮರಳಿ ಕೊಡುತ್ತೇವೆ. ಮನೆಗೆ ಒಯ್ದ ಮೇಲೆ ಅಟ್ಟಕ್ಕೆ ಹಾಕಬೇಡಿ.